ಗಾಳ ಹಾಕದ ವಾರಾಂತ್ಯ: ಫ್ಲೈ ಫಿಶಿಂಗ್ ಗೆಳೆಯರಿಗೊಂದು ಕೈಪಿಡಿ

ಫ್ಲೈ ಫಿಶಿಂಗಿಗೆಂದು, ಅಂದರೆ ಎಳೆ-ಗರಿಗಳಿಂದ ಕಟ್ಟಿದ ಕೃತಕ ಹುಳುವನ್ನು (ಫ್ಲೈ) ಗಾಳಕ್ಕೆ ಹಾಕಿ ಮೀನು ಹಿಡಿಯಲೆಂದು, ಒಟ್ಟಿಗೆ ಹೊರಟ ಗೆಳೆಯರು ಹೊಳೆ ಮುಟ್ಟಿದ ಐದೇ ನಿಮಿಷಕ್ಕೆ ಚದುರಿಹೋಗುತ್ತಾರೆ. ಚದುರಲೇಬೇಕು. ಲೈನನ್ನು (ಗಾಳದ ದಪ್ಪ ದಾರವನ್ನು) ಮುಂದಕ್ಕೆ ಹಾರಿಸುವ ಮೊದಲು ಹೆಚ್ಚುಕಡಿಮೆ ಅಷ್ಟೇ ಉದ್ದ ಬೆನ್ನ ಹಿಂದಕ್ಕೆ ಬೀಸಬೇಕಾಗುವುದರಿಂದ ಒಬ್ಬೊಬ್ಬರಿಗೂ ಹತ್ತಾರು ಅಡಿ ಖಾಲಿ ಜಾಗ ಬೇಕು. ಒಬ್ಬರು ಹೊಳೆಯ ಮೇಲಕ್ಕೆ, ಇನ್ನೊಬ್ಬರು ಕೆಳಕ್ಕೆ, ಮೂರನೆಯವರು ತಿರುವಿನಾಚೆ. ನೀರಿನ ಸದ್ದಿನಲ್ಲಿ ಕೂಗಿದರೂ ಕೇಳಿಸುವುದಿಲ್ಲ. ಸಂಜೆ ಮತ್ತೆ ಸೇರುವಾಗ ಎಲ್ಲರಿಗೂ ದಣಿವು. ದಿನವಿಡೀ ಜೊತೆಗಿದ್ದೆವು ಎಂದುಕೊಳ್ಳುತ್ತೇವೆ. ಲೆಕ್ಕ ಹಾಕಿದರೆ ಜೊತೆಗಿದ್ದದ್ದು ಹೋಗುವಾಗ ಬರುವಾಗ ಕಾರಿನಲ್ಲಿ ಮಾತ್ರ.

ಹಾಗಾಗಿ ಮೀನು ಹಿಡಿಯದೆಯೇ ಸೇರುವ ಒಂದು ವಾರಾಂತ್ಯ ವರ್ಷಕ್ಕೊಮ್ಮೆಯಾದರೂ ಇರಬೇಕೆಂಬುದು ನನ್ನ ವಾದ. ಇದಕ್ಕೆ ತಯಾರಿ ಮಾತ್ರ ಸ್ವಲ್ಪ ಹೆಚ್ಚೇ ಬೇಕು. ಹೊಳೆ ತಾನಾಗಿಯೇ ತುಂಬಿಕೊಡುತ್ತಿದ್ದ ಹೊತ್ತನ್ನು ಇಲ್ಲಿ ನಾವೇ ತುಂಬಬೇಕಾಗುತ್ತದೆ.

ಮೊದಲು ದಿನ, ಆಮೇಲೆ ಜನ

ಯಾವ ವಾರಾಂತ್ಯ ಎಂಬುದನ್ನು ಹೊಳೆಯ ಸ್ಥಿತಿಯೇ ತೀರ್ಮಾನಿಸಲಿ. ಟ್ರೌಟ್ ತಣ್ಣೀರಿನ ಮೀನು. 10 ಡಿಗ್ರಿ ಸೆಲ್ಸಿಯಸ್ ಇರುವ ಸಿಹಿನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಟ್ಟುಕೊಳ್ಳಬಲ್ಲದು; 20 ಡಿಗ್ರಿಗೆ ಅದು ಸುಮಾರು 9ಕ್ಕೆ ಇಳಿಯುತ್ತದೆ. ನೀರು ಬಿಸಿಯಾದಷ್ಟೂ ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಹೆಚ್ಚುತ್ತಲೇ ಹೋಗುತ್ತದೆ. ಮೀನನ್ನು ಹಿಡಿದು ಮತ್ತೆ ಬಿಡುವ ಜವಾಬ್ದಾರಿಯುತರು 20 ಡಿಗ್ರಿ ಆಸುಪಾಸಿನಲ್ಲಿ ರಾಡ್ (ಗಾಳದ ಕೋಲು) ಮಡಚಿಡುವುದು ಇದಕ್ಕೇ. ಕೈಯಿಂದ ಜಾರಿ ಈಜಿಕೊಂಡು ಹೋದ ಮೀನು ಆಮೇಲೆ ಎಲ್ಲೋ ಚೇತರಿಸಿಕೊಳ್ಳಲಾರದೆ ಸಾಯಬಹುದು. ಬೇಸಿಗೆಯ ಇಂಥ ದಿನಗಳು, ಮೊಟ್ಟೆಯಿಡುವ ಕಾಲವೆಂದು ಹೊಳೆ ಮುಚ್ಚಿರುವ ತಿಂಗಳುಗಳು, ನೀರು ಏರಿ ಕದಡಿಹೋದ ವಾರ, ಗುಂಪಿನಲ್ಲಿ ಯಾರದಾದರೂ ಭುಜಕ್ಕೆ ಪೆಟ್ಟಾಗಿರುವ ಸಮಯ, ಎಲ್ಲವೂ ತಕ್ಕ ಕಾರಣಗಳೇ. ನೀರು ತಿಳಿಯಾಗಿ, ಹುಳು ತಿನ್ನಲು ಮೀನು ಮೇಲ್ಮೈಗೆ ಏಳುತ್ತಿರುವ ವಾರಾಂತ್ಯವನ್ನು ಮಾತ್ರ ಇದಕ್ಕೆ ಇಟ್ಟುಕೊಳ್ಳಬೇಡಿ. ಎಲ್ಲರ ಕಣ್ಣೂ ಕಿಟಕಿಯಾಚೆಗೇ ಇರುತ್ತದೆ, ಕೂಟ ಕೆಡುತ್ತದೆ.

ನಾಲ್ಕರಿಂದ ಆರು ಮಂದಿ ಸಾಕು. ಅವರಲ್ಲಿ ಒಬ್ಬರಾದರೂ ಹೊಸಬರಿರಲಿ; ಸಾಧ್ಯವಾದರೆ ಮೀನು ಹಿಡಿಯುವುದರಲ್ಲಿ ಆಸಕ್ತಿಯೇ ಇಲ್ಲದ ಒಬ್ಬರೂ ಇರಲಿ, ಯಾರದಾದರೂ ಹೆಂಡತಿಯೋ ಗಂಡನೋ ಅಣ್ಣನೋ. ಹಳಬರಷ್ಟೇ ಸೇರಿದರೆ ಮಾತು ಬೇಗನೆ ಹಳೆಯ ಮೀನುಗಳ ಉದ್ದಕ್ಕೆ ಜಾರುತ್ತದೆ, ಆ ಉದ್ದ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಹೊರಗಿನವರು ಕೇಳುವ ಪ್ರಶ್ನೆಗಳೇ ಬೇರೆ. 'ಇಷ್ಟು ಕಷ್ಟಪಟ್ಟು ಹಿಡಿದ ಮೇಲೆ ಬಿಡುವುದೇಕೆ?' ಎಂದು ಅವರು ಕೇಳಿದಾಗ ಇಪ್ಪತ್ತು ವರ್ಷದ ಅನುಭವಿಯೂ ತಡವರಿಸುತ್ತಾರೆ. ಒಳ್ಳೆಯ ಮಾತು ಶುರುವಾಗುವುದು ಅಲ್ಲಿಂದ.

ಒಂದೇ ಒಂದು ನಿಯಮವನ್ನು ಮುಂಚಿತವಾಗಿ ಹೇಳಿಬಿಡಿ: ಹೊಳೆಯ ಹತ್ತಿರಕ್ಕೆ ರಾಡ್ ಬರುವಂತಿಲ್ಲ. 'ಸುಮ್ಮನೆ ಒಂದು ಗಂಟೆ' ಎಂಬ ಮಾತಿಗೆ ಒಪ್ಪಿದರೆ ಉಳಿದ ಯೋಜನೆಯನ್ನು ಅಲ್ಲಿಗೇ ಬಿಟ್ಟುಬಿಡಬಹುದು.

ಶುಕ್ರವಾರ ಸಂಜೆ: ಸಾಮಾನು ಹರವಿ

ಬಂದವರನ್ನು ಕೂರಿಸಿ ಮಾತಾಡಿ ಎಂದರೆ ಯಾರೂ ಮಾತಾಡುವುದಿಲ್ಲ. ಕೈಗೆ ಕೆಲಸ ಕೊಟ್ಟರೆ ಬಾಯಿ ತಾನಾಗಿ ತೆರೆಯುತ್ತದೆ. ಎದುರುಬದುರು ಕೂತು ಕೆಲಸದ ತೊಂದರೆಯನ್ನೋ ಅಪ್ಪನ ಕಾಯಿಲೆಯನ್ನೋ ಹೇಳಿಕೊಳ್ಳಲಾಗದವರು, ಇಬ್ಬರ ದೃಷ್ಟಿಯೂ ದಾರ ಸುತ್ತುವ ಒಂದು ರೀಲಿನ ಮೇಲಿದ್ದಾಗ ಸಲೀಸಾಗಿ ಹೇಳುತ್ತಾರೆ. ಆದ್ದರಿಂದ ಮೊದಲ ಸಂಜೆಗೆ ಸಲಕರಣೆ ಶುಚಿಮಾಡುವ ಕೆಲಸವೇ ಸರಿ. ದೊಡ್ಡದೊಂದು ಮೇಜು, ಹಳೆಯ ಬಟ್ಟೆ, ಚೆನ್ನಾದ ಬೆಳಕು ಇದ್ದರೆ ಆಯಿತು.

ಲೈನಿನಿಂದ ಶುರುಮಾಡಿ. ಉಗುರುಬೆಚ್ಚಗಿನ ನೀರಿಗೆ ನಾಲ್ಕು ಹನಿ ಸೌಮ್ಯವಾದ ಸಾಬೂನು ದ್ರವ ಹಾಕಿ, ಲೈನನ್ನು ಅದರಲ್ಲಿ ಸುರುಳಿಯಾಗಿ ಬಿಟ್ಟು, ಮೆತ್ತನೆಯ ಬಟ್ಟೆಯೊಳಗಿಂದ ನಿಧಾನವಾಗಿ ಎಳೆಯಿರಿ. ಇದಕ್ಕೆ ಇಬ್ಬರು ಬೇಕು. ಒಬ್ಬರು ಎಳೆಯಬೇಕು, ಇನ್ನೊಬ್ಬರು ಸುರುಳಿ ಬಿಡಿಸಬೇಕು. ಬಟ್ಟೆಗೆ ಹತ್ತುವ ಕಪ್ಪು ನೋಡಿ ಎಲ್ಲರೂ ಒಮ್ಮೆ ನಾಚಿಕೊಳ್ಳುತ್ತಾರೆ. ತೇಲುವ ಲೈನಿನ ತುದಿ ಮುಳುಗುತ್ತಿದೆ ಎಂದು ದೂರುವವರ ಲೈನಿನಲ್ಲಿ ಹೆಚ್ಚಾಗಿ ಈ ಕೊಳೆಯೇ ಇರುತ್ತದೆ, ಇಲ್ಲವೆ ಹೊದಿಕೆ ಬಿರುಕು ಬಿಟ್ಟು ನೀರು ಒಳಗೆ ಹೋಗಿರುತ್ತದೆ. ಬಳಿಕ ಶುದ್ಧ ನೀರಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ.

ರಾಡಿನ ಉಂಗುರಗಳೊಳಗೆ ಸ್ವಲ್ಪ ಹತ್ತಿಯನ್ನು ತಿರುಗಿಸಿ ನೋಡಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಕಣ್ಣಿಗೆ ಕಾಣದ ಬಿರುಕಿದೆ, ಅದು ಲೈನನ್ನು ದಿನವೂ ಹೆರೆಯುತ್ತಿದೆ ಎಂದರ್ಥ. ರೀಲಿನ ಡ್ರ್ಯಾಗ್ (ಬ್ರೇಕು) ಸಡಿಲಿಸಿಡಿ. ಫ್ಲೈ ಪೆಟ್ಟಿಗೆಗಳನ್ನು ಬಾಯಿ ತೆರೆದು ಗಾಳಿಗಿಡಿ. ತುಕ್ಕು ಹಿಡಿದ ಕೊಕ್ಕೆಗಳನ್ನು ಬೇರ್ಪಡಿಸಿ. ಉಸಿರಾಡುವ ಪೊರೆಯ ವೇಡರ್ (ಹೊಳೆಗಿಳಿಯಲು ತೊಡುವ, ನೀರು ಹೊಗದ ಉಡುಪು) ಇದ್ದವರು ಅದನ್ನು ಒಳಹೊರಗು ಮಾಡಿ, ಸಂದೇಹದ ಜಾಗಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಂಪಡಿಸಿದರೆ ಸೋರುವ ತೂತು ಕಡುಬಣ್ಣದ ಚುಕ್ಕೆಯಾಗಿ ತೋರುತ್ತದೆ. ಹೊಸಬರಿಗೆ ಇದು ಜಾದೂ. ಆದರೆ ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ.

ಊಟದ ನಂತರ ಗಂಟುಗಳು. ಫ್ಲೈ ಕಟ್ಟುವ ಕೊನೆಯ ತೆಳು ದಾರವಾದ ಟಿಪೆಟ್ಟಿನ ಅಳತೆ ಹೊಸಬರನ್ನು ಯಾವಾಗಲೂ ಗಲಿಬಿಲಿ ಮಾಡುತ್ತದೆ, ಏಕೆಂದರೆ ಎಕ್ಸ್‌ನ ಹಿಂದಿನ ಅಂಕಿ ಏರಿದಂತೆ ದಾರ ತೆಳುವಾಗುತ್ತದೆ. ಆ ಅಂಕಿಯನ್ನು 11ರಿಂದ ಕಳೆದರೆ ಇಂಚಿನ ಸಾವಿರದ ಭಾಗಗಳಲ್ಲಿ ದಪ್ಪ ಸಿಗುತ್ತದೆ: 5 ಎಕ್ಸ್ ಎಂದರೆ 0.006 ಇಂಚು. ಕೊಕ್ಕೆಯ ಸಂಖ್ಯೆಯನ್ನು ಮೂರರಿಂದ ಭಾಗಿಸಿದರೆ ಅದಕ್ಕೆ ಹೊಂದುವ ಟಿಪೆಟ್ ಸುಮಾರಾಗಿ ಗೊತ್ತಾಗುತ್ತದೆ. 14ನೇ ನಂಬರಿನ ಕೊಕ್ಕೆಗೆ 5 ಎಕ್ಸ್. ಇಷ್ಟು ಹೇಳಿಕೊಟ್ಟು, ಎರಡು ದಾರ ಸೇರಿಸುವ ಸರ್ಜನ್ ಗಂಟನ್ನು ಎಲ್ಲರೂ ಕಣ್ಣು ಮುಚ್ಚಿಕೊಂಡು ಹಾಕುವ ಪಂದ್ಯ ಇಡಿ. ಮುಸ್ಸಂಜೆಯಲ್ಲಿ ಮೀನು ಏಳುವ ಹೊತ್ತಿಗೆ ದಾರ ಕಾಣಿಸುವುದಿಲ್ಲವಾದ್ದರಿಂದ ಈ ಆಟ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಬಿಗಿಯುವ ಮುನ್ನ ಗಂಟನ್ನು ಎಂಜಲಿನಿಂದ ಒದ್ದೆ ಮಾಡಲು ಮರೆಯಬೇಡಿ. ಒಣಗಿದ ನೈಲಾನ್ ಉಜ್ಜಿಕೊಂಡು ಬಿಸಿಯಾಗಿ ಬಲ ಕಳೆದುಕೊಳ್ಳುತ್ತದೆ.

ಶನಿವಾರ ಬೆಳಗ್ಗೆ: ಬರಿಗೈಯಲ್ಲಿ ಹೊಳೆಗೆ

ಇಡೀ ವಾರಾಂತ್ಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ರಾಡ್ ಕೈಯಲ್ಲಿದ್ದಾಗ ನಾವು ಹೊಳೆಯಲ್ಲಿ ಮೀನಿರಬಹುದಾದ ನಾಲ್ಕು ಜಾಗಗಳನ್ನಷ್ಟೇ ನೋಡುತ್ತೇವೆ. ಬರಿಗೈಯಲ್ಲಿ ಹೋದರೆ ಹೊಳೆ ಪೂರ್ತಿ ಕಾಣುತ್ತದೆ.

ತೆಗೆದುಕೊಂಡು ಹೋಗಬೇಕಾದದ್ದು: ನೀರಿನ ಮೇಲಿನ ಹೊಳಪನ್ನು ಕತ್ತರಿಸುವ ಪೋಲರಾಯ್ಡ್ ಕನ್ನಡಕ, ಬಿಳಿ ಬಣ್ಣದ ತಟ್ಟೆ, ಥರ್ಮಾಮೀಟರ್, ಭೂತಗನ್ನಡಿ, ಪ್ರತಿಯೊಬ್ಬರಿಗೂ ಕಾಗದ ಮತ್ತು ಪೆನ್ಸಿಲ್. ದಡದಲ್ಲಿ ಒಂದು ನೂರು ಮೀಟರ್ ಉದ್ದದ ಪಾತ್ರವನ್ನು ಗೊತ್ತುಮಾಡಿಕೊಂಡು ಮೊದಲ ಇಪ್ಪತ್ತು ನಿಮಿಷ ಸುಮ್ಮನೆ ಕೂತು ನೋಡಿ. ನಂತರ ಒಬ್ಬೊಬ್ಬರೂ ಬೇರೆ ಬೇರೆ ಕೂತು ಆ ಪಾತ್ರದ ನಕ್ಷೆ ಬರೆಯಲಿ: ಎಲ್ಲಿ ಕಲ್ಲಿನ ಮೇಲೆ ನೀರು ಜುಳುಜುಳು ಹರಿಯುತ್ತದೆ, ಎಲ್ಲಿ ಮಡುವಾಗುತ್ತದೆ, ವೇಗದ ನೀರು ನಿಧಾನದ ನೀರಿಗೆ ತಾಗುವ ಗೆರೆ ಎಲ್ಲಿದೆ, ಮೀನು ಎಲ್ಲೆಲ್ಲಿ ನಿಂತಿರಬಹುದು. ನಕ್ಷೆಗಳನ್ನು ಹುಲ್ಲಿನ ಮೇಲೆ ಸಾಲಾಗಿಟ್ಟು ಹೋಲಿಸಿದಾಗ ಜಗಳ ಖಂಡಿತ. ಜಗಳ ತೀರಿಸಲು ನೊರೆಯನ್ನು ನೋಡಿ. ನೊರೆ ತೇಲುವ ದಾರಿಯಲ್ಲೇ ಸತ್ತ ಹುಳುಗಳೂ ತೇಲುತ್ತವೆ; ಊಟ ಬರುವ ದಾರಿಯ ಪಕ್ಕ, ಈಜುವ ಶ್ರಮ ಕಡಿಮೆ ಇರುವ ಕಡೆ ಟ್ರೌಟ್ ನಿಲ್ಲುತ್ತದೆ. ಒಣ ಕಡ್ಡಿಗಳನ್ನು ಒಂದೇ ಸಾಲಿನಲ್ಲಿ ನೀರಿಗೆ ಬಿಟ್ಟು ಯಾವುದು ಮುಂದೆ ಹೋಗುತ್ತದೆ ನೋಡಿ. ಎರಡೇ ಅಡಿ ಅಂತರದಲ್ಲಿ ಹರಿವಿನ ವೇಗ ಎಷ್ಟು ಬೇರೆಯಾಗುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ನಡುವಿನ ವೇಗದ ನೀರು ಲೈನನ್ನು ಎಳೆದುಕೊಂಡು ಹೋಗಿ, ಅದರ ಹಿಂದೆ ಫ್ಲೈ ಅಸಹಜವಾಗಿ ಜಾರುವುದೇಕೆ ಎಂದು ಹೊಸಬರಿಗೆ ಬೇರೆ ವಿವರಿಸಬೇಕಾಗುವುದೇ ಇಲ್ಲ.

ಮುಂದಿನ ಕೆಲಸ ಕಲ್ಲು ಮಗುಚುವುದು. ದಡದ ಹತ್ತಿರ, ಮೊಣಕಾಲಿಗಿಂತ ಕಡಿಮೆ ನೀರಿನಲ್ಲಿ, ಅಂಗೈಯಗಲದ ಒಂದು ಕಲ್ಲನ್ನು ಮೆಲ್ಲಗೆ ಎತ್ತಿ. ತಟ್ಟೆಯಲ್ಲಿ ನೀರು ಹಾಕಿ ಕಲ್ಲಿನ ತಳವನ್ನು ಅದರಲ್ಲಿ ತೊಳೆದರೆ ಹುಳುಗಳು ಬಿಳಿಯ ಮೇಲೆ ಎದ್ದು ಕಾಣುತ್ತವೆ. ಬಾಲದಲ್ಲಿ ಸಾಮಾನ್ಯವಾಗಿ ಮೂರು ಎಳೆ, ಹೊಟ್ಟೆಯ ಇಕ್ಕೆಲದಲ್ಲೂ ಅಲುಗಾಡುವ ಕಿವಿರು ಇದ್ದರೆ ಅದು ಮೇಫ್ಲೈ ಮರಿ. ಎರಡೇ ಎಳೆಯ ಬಾಲ, ಕಾಲ ತುದಿಯಲ್ಲಿ ಜೋಡಿ ಉಗುರು ಇದ್ದರೆ ಸ್ಟೋನ್‌ಫ್ಲೈ. ಮರಳ ಕಣವೋ ಕಡ್ಡಿ ಚೂರೋ ಅಂಟಿಸಿಕೊಂಡ ಪುಟ್ಟ ಕೊಳವೆಯೊಳಗೆ ಅವಿತಿರುವುದು ಕ್ಯಾಡಿಸ್. ಈ ಮೂರೂ ಮಾಲಿನ್ಯವನ್ನು ಅಷ್ಟಾಗಿ ಸಹಿಸದ ಗುಂಪುಗಳು. ಹೊಳೆಯ ಆರೋಗ್ಯ ಅಳೆಯುವವರು ಇವುಗಳನ್ನೇ ಮೊದಲು ಹುಡುಕುತ್ತಾರೆ. ಮೇಫ್ಲೈಯಲ್ಲಿ ಇನ್ನೊಂದು ವಿಚಿತ್ರವಿದೆ. ಇಂದು ಬದುಕಿರುವ ಕೀಟಗಳಲ್ಲಿ ರೆಕ್ಕೆ ಬಂದ ಮೇಲೂ ಮತ್ತೊಮ್ಮೆ ಪೊರೆ ಕಳಚುವುದು ಇದೊಂದೇ. ಮಬ್ಬು ರೆಕ್ಕೆಯ ಮೊದಲ ರೂಪಕ್ಕೆ ಡನ್, ಗಾಜಿನಂಥ ರೆಕ್ಕೆಯ ಎರಡನೆಯದಕ್ಕೆ ಸ್ಪಿನ್ನರ್ ಎಂದು ಹೆಸರು. ಫ್ಲೈ ಪೆಟ್ಟಿಗೆಯಲ್ಲಿ ಒಂದೇ ಹುಳುವಿಗೆ ಎರಡು ಮೂರು ನಮೂನೆ ಏಕಿರುತ್ತವೆ ಎಂದು ಕೇಳಿದವರಿಗೆ ತಟ್ಟೆಯನ್ನೇ ತೋರಿಸಬಹುದು. ನೋಡಿ ಮುಗಿದ ಕೂಡಲೇ ಹುಳುಗಳನ್ನೂ ಕಲ್ಲನ್ನೂ ಇದ್ದ ಜಾಗಕ್ಕೇ, ಇದ್ದ ಮಗ್ಗುಲಿಗೇ ಇಡಿ. ಅದು ಅವುಗಳ ಮನೆ.

ಮೊಟ್ಟೆಯಿಡುವ ಕಾಲವಾಗಿದ್ದರೆ ನೀರಿಗೆ ಇಳಿಯಲೇಬೇಡಿ. ಹೆಣ್ಣು ಟ್ರೌಟ್ ಬಾಲದಿಂದ ಜಲ್ಲಿಕಲ್ಲು ಕೆದರಿ ಮಾಡಿದ ಗೂಡು ಸುತ್ತಲಿನ ತಳಕ್ಕಿಂತ ತಿಳಿಬಣ್ಣದ ತೇಪೆಯಂತೆ ಕಾಣುತ್ತದೆ. ಅದರ ಮೇಲೆ ಇಟ್ಟ ಒಂದು ಹೆಜ್ಜೆ ಕೆಳಗಿನ ಮೊಟ್ಟೆಗಳನ್ನು ಜಜ್ಜಿಹಾಕುತ್ತದೆ. ದಡದ ಮೇಲಿಂದಲೇ ನೋಡಿ, ಅದೇ ಸಾಕಷ್ಟು ಸೊಗಸು. ಇನ್ನೊಂದು ಹೊಳೆಗೂ ಹೋಗುವ ಯೋಚನೆಯಿದ್ದರೆ ಬೂಟುಗಳನ್ನು ತಿಕ್ಕಿ ತೊಳೆದು ಪೂರ್ತಿ ಒಣಗಿಸಿ; ಒದ್ದೆ ಅಡಿಭಾಗದಲ್ಲಿ ಪಾಚಿಯೂ ರೋಗಾಣುವೂ ಪ್ರಯಾಣ ಮಾಡುತ್ತವೆ.

ಮಧ್ಯಾಹ್ನ: ಹುಲ್ಲಿನ ಮೇಲೆ ಬೀಸುವುದು

ಫ್ಲೈಗೆ ಹೇಳಿಕೊಳ್ಳುವಂಥ ತೂಕವಿಲ್ಲ. ಎಸೆತದ ತೂಕವೆಲ್ಲ ಲೈನಿನದು. 5ನೇ ನಂಬರಿನ ಲೈನಿನ ಮೊದಲ 30 ಅಡಿ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ ತೂಗಬೇಕೆಂಬುದು ಮಾನದಂಡ. ಎಸೆಯುವ ಕಲೆಗೆ ಮೀನೂ ಬೇಡ, ಬಹುಮಟ್ಟಿಗೆ ನೀರೂ ಬೇಡ ಎನ್ನುವುದು ಇದರಿಂದಲೇ. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕಿನಲ್ಲಿ 1930ರ ದಶಕದಲ್ಲಿ ಕಟ್ಟಿದ ಕೊಳಗಳಿವೆ. ಅವುಗಳಲ್ಲಿ ಮೀನಿಲ್ಲ, ಜನ ಬರುವುದು ಬೀಸಲೆಂದೇ. ಅಮೆರಿಕದ ಜೋನ್ ವುಲ್ಫ್ ಎಂಬ ಮಹಿಳೆ 1951ರಲ್ಲಿ ಗಂಡಸರೇ ತುಂಬಿದ್ದ ದೂರ ಎಸೆತದ ಸ್ಪರ್ಧೆಯೊಂದನ್ನು ಗೆದ್ದದ್ದೂ ಇಂಥ ಮೀನಿಲ್ಲದ ಕ್ರೀಡೆಯಲ್ಲೇ.

ನಿಯಮದಲ್ಲಿ ರಾಡ್ ಬೇಡವೆಂದಿದ್ದು ಹೊಳೆಯ ಹತ್ತಿರಕ್ಕೆ, ಹುಲ್ಲುಹಾಸಿಗೆ ತರಬಹುದು. ಫ್ಲೈ ಇರಬೇಕಾದಲ್ಲಿ ಗಾಢ ಬಣ್ಣದ ಉಣ್ಣೆ ಎಳೆಯ ಚಿಕ್ಕ ಕುಚ್ಚು ಕಟ್ಟಿ. ಕೊಕ್ಕೆ ಇಲ್ಲದಿದ್ದರೂ ಕನ್ನಡಕ, ಟೋಪಿ ಬೇಕೇ ಬೇಕು. ಸಿಮೆಂಟಿನ ನೆಲದ ಮೇಲೆ ಬೀಸಿದರೆ ಲೈನಿನ ಹೊದಿಕೆ ಸವೆದುಹೋಗುತ್ತದೆ.

20, 30, 40 ಅಡಿ ದೂರದಲ್ಲಿ ಮೂರು ತಟ್ಟೆಗಳನ್ನಿಟ್ಟು ಇಬ್ಬಿಬ್ಬರ ಜೋಡಿ ಮಾಡಿ. ಒಬ್ಬರು ಬೀಸುವಾಗ ಜೊತೆಗಾರರು ಹಿಂದೆ ಅಲ್ಲ, ಸುರಕ್ಷಿತ ದೂರದಲ್ಲಿ ಪಕ್ಕಕ್ಕೆ ನಿಲ್ಲಬೇಕು. ಲೈನ್ ಗಾಳಿಯಲ್ಲಿ ಮಾಡುವ ಕುಣಿಕೆ ಪಕ್ಕದಿಂದಲೇ ಸರಿಯಾಗಿ ಕಾಣುತ್ತದೆ. ಬೀಸುವವರಿಗೆ ತಮ್ಮದೇ ಕುಣಿಕೆ ಕಾಣುವುದಿಲ್ಲ. ಕುಣಿಕೆ ಅಗಲವಾಗಿದ್ದರೆ ರಾಡಿನ ತುದಿ ಕಮಾನಿನಂತೆ ಸುತ್ತುತ್ತಿದೆ, ಗಟ್ಟಿಯಾಗಿ ತಟ್ಟನೆ ನಿಲ್ಲುತ್ತಿಲ್ಲ ಎಂದರ್ಥ. ಚಾಟಿಯಂತೆ ಛಟೀರೆಂದರೆ ಹಿಂದಿನ ಲೈನ್ ನೇರವಾಗುವ ಮೊದಲೇ ಮುಂದಕ್ಕೆಳೆದಿದ್ದಾರೆ; ತಲೆ ತಿರುಗಿಸಿ ಹಿಂದೆ ನೋಡಲು ಹೇಳಿ. ಒಂದು ಸರದಿಗೆ ಒಂದೇ ತಿದ್ದುಪಡಿ. ನಾಲ್ಕು ದೋಷ ಒಟ್ಟಿಗೆ ಹೇಳುವ ಗುರುಗಳಿಂದಲೇ ಎಷ್ಟೋ ಜನ ಈ ಹವ್ಯಾಸ ಬಿಟ್ಟಿದ್ದಾರೆ. ದಂಪತಿಗಳನ್ನು ಒಂದೇ ಜೋಡಿಗೆ ಹಾಕಬೇಡಿ, ಕಾರಣ ಕೇಳಬೇಡಿ.

ಲೈನನ್ನು ಹಿಂದಕ್ಕೆ ಬೀಸದೆ ಮುಂದಕ್ಕೆ ಉರುಳಿಸುವ, ನೀರಿನ ಹಿಡಿತ ಬೇಕಾಗುವ ರೋಲ್ ಕಾಸ್ಟ್ ಕೂಡ ಹುಲ್ಲಿನಲ್ಲಿ ಆಗುತ್ತದೆ, ಲೀಡರಿನ (ಲೈನಿನ ತುದಿಗೆ ಕಟ್ಟುವ ತೆಳು ದಾರದ) ತುದಿಯನ್ನು ನೆಲದ ಮೇಲಿಟ್ಟ ಕ್ಲಿಪ್‌ಬೋರ್ಡಿಗೆ ಸಿಕ್ಕಿಸಿದರೆ. ಕೊನೆಗೆ ಎಲ್ಲರೂ ರೂಢಿಯಿಲ್ಲದ ಕೈಯಲ್ಲಿ ಬೀಸುವ ಒಂದು ಸುತ್ತು ಇರಲಿ. ಪರಿಣತರೂ ಹೊಸಬರೂ ಒಂದೇ ಮಟ್ಟಕ್ಕೆ ಇಳಿಯುತ್ತಾರೆ, ನಗು ದೂರದವರೆಗೆ ಕೇಳಿಸುತ್ತದೆ.

ರಾತ್ರಿ: ಎಲ್ಲರೂ ಒಂದೇ ಫ್ಲೈ

ಒಬ್ಬೊಬ್ಬರು ಒಂದೊಂದು ನಮೂನೆ ಕಟ್ಟಿದರೆ ಮತ್ತೆ ಹೊಳೆಯಲ್ಲಾದಂತೆ ಚದುರುತ್ತೀರಿ. ಒಂದೇ ನಮೂನೆ ಆರಿಸಿ. ಹೊಸಬರಿದ್ದರೆ ವೂಲಿ ಬಗ್ಗರ್ ಸೂಕ್ತ: ದೊಡ್ಡ ಕೊಕ್ಕೆ, ಸುಲಭದ ಸಾಮಗ್ರಿ, ಅಂದಗೆಟ್ಟರೂ ಮೀನು ಕಚ್ಚುವ ಫ್ಲೈ.

1. ಉದ್ದ ಕಾಂಡದ 8 ಅಥವಾ 10ನೇ ನಂಬರಿನ ಕೊಕ್ಕೆಯನ್ನು ವೈಸಿಗೆ (ಕೊಕ್ಕೆ ಹಿಡಿದಿಡುವ ಚಿಕ್ಕ ಹಿಡಿಕೆಗೆ) ಬಿಗಿದು, ಮುಂದಿನಿಂದ ಕೊಕ್ಕೆಯ ಬಾಗು ಶುರುವಾಗುವವರೆಗೆ ನೂಲು ಸುತ್ತಿ.
2. ಕಾಂಡದಷ್ಟೇ ಉದ್ದದ, ಮರಬೂ ಎಂಬ ಮೆತ್ತನೆಯ ಗರಿಯ ಕುಚ್ಚನ್ನು ಬಾಲವಾಗಿ ಕಟ್ಟಿ. ಗರಿ ಹಾರಾಡಿ ಕಾಡುತ್ತದೆ. ಬೆರಳನ್ನು ಒದ್ದೆ ಮಾಡಿಕೊಳ್ಳಿ.
3. ಅದೇ ಜಾಗದಲ್ಲಿ ಹ್ಯಾಕಲ್ ಎಂಬ ಹುಂಜದ ಗರಿಯ ತುದಿಯನ್ನೂ ಶೆನೀಲ್ ಎಂಬ ಮೆತ್ತನೆಯ ದಪ್ಪ ಎಳೆಯನ್ನೂ ಸೇರಿಸಿ ಕಟ್ಟಿ, ನೂಲನ್ನು ಮುಂದಕ್ಕೆ ತನ್ನಿ.
4. ಶೆನೀಲನ್ನು ಒತ್ತೊತ್ತಾಗಿ ಮುಂದಕ್ಕೆ ಸುತ್ತಿ ಕಟ್ಟಿ. ಕೊಕ್ಕೆಯ ಕಣ್ಣಿನ ಹಿಂದೆ ಎರಡು ಮಿಲಿಮೀಟರಿನಷ್ಟು ಜಾಗ ಉಳಿಯಲೇಬೇಕು. ಹೊಸಬರೆಲ್ಲ ಎಡವುವುದು ಇಲ್ಲೇ.
5. ಹ್ಯಾಕಲನ್ನು ಐದಾರು ಸುತ್ತು ಬಿಡಿಬಿಡಿಯಾಗಿ ತಂದು ಕಟ್ಟಿ, ನೂಲು ಬಿಚ್ಚದಂತೆ ವಿಪ್ ಫಿನಿಶ್ ಗಂಟು ಹಾಕಿ, ಒಂದು ಹನಿ ಅಂಟು ಬಿಡಿ.

ಈ ನಮೂನೆಯನ್ನು ಈಗಿನ ರೂಪಕ್ಕೆ ತಂದವರು ಪೆನ್ಸಿಲ್ವೇನಿಯಾದ ರಸೆಲ್ ಬ್ಲೆಸಿಂಗ್, 1967ರಲ್ಲಿ. ಆದರೆ ಮೇಜಿನ ಮೇಲಿರುವ ಸಾಮಗ್ರಿ ಬಹಳ ಹಳೆಯದು. ಕ್ರಿ.ಶ. 200ರ ಸುಮಾರಿನ ರೋಮನ್ ಕಾಲದ ಬರಹವೊಂದು ಮೆಸಿಡೋನಿಯಾದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಗರಿ ಕಟ್ಟಿ ಮೀನು ಹಿಡಿಯುತ್ತಿದ್ದುದನ್ನು ವರ್ಣಿಸುತ್ತದೆ. 1496ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಗಾಳದ ಕೈಪಿಡಿಯಲ್ಲಿ ಹನ್ನೆರಡು ಫ್ಲೈಗಳ ವಿವರವಿತ್ತು. ಎಳೆ, ಗರಿ, ಕೊಕ್ಕೆ, ಇಂದಿಗೂ ಅಷ್ಟೇ.

ಕೈ ಕೆಲಸದಲ್ಲಿರುವಾಗ ವಾದಕ್ಕೊಂದು ವಿಷಯ ಎಸೆಯಿರಿ. ಈ ಹವ್ಯಾಸದಲ್ಲಿ ವಾದದ ಪರಂಪರೆ ದೊಡ್ಡದು. ಮೇಲ್ಮೈಯಲ್ಲಿ ತೇಲುವ ಫ್ಲೈ ಮಾತ್ರ ಸಭ್ಯ ವಿಧಾನವೆಂದು ಇಂಗ್ಲೆಂಡಿನ ಲೇಖಕ ಫ್ರೆಡೆರಿಕ್ ಹಾಲ್ಫರ್ಡ್ ಪಂಥದವರು ಹಟ ಹಿಡಿದಿದ್ದರು. ನೀರೊಳಗಿನ ಮರಿಹುಳುವನ್ನು ಹೋಲುವ ನಿಂಫ್ ಕೂಡ ಅಷ್ಟೇ ನ್ಯಾಯವಾದದ್ದು ಎಂದವರು ವಕೀಲ ಜಿ.ಇ.ಎಂ. ಸ್ಕ್ಯೂಸ್. ಹಾಲ್ಫರ್ಡ್ 1914ರಲ್ಲೇ ತೀರಿಕೊಂಡರೂ ವಿವಾದ ಆರಲಿಲ್ಲ. 1938ರಲ್ಲಿ ಲಂಡನ್ನಿನ ಫ್ಲೈಫಿಶರ್ಸ್ ಕ್ಲಬ್ಬಿನಲ್ಲಿ ನಿಂಫ್ ಕುರಿತು ಚರ್ಚೆಯನ್ನೇ ಏರ್ಪಡಿಸಿದ್ದರು. ಮುಂದೆ ಇಂಗ್ಲೆಂಡಿನ ಏವನ್ ಹೊಳೆಯ ಕಾವಲುಗಾರ ಫ್ರಾಂಕ್ ಸಾಯರ್ ನೂಲಿನ ಬದಲು ತಾಮ್ರದ ತಂತಿಯಿಂದಲೇ ಫೆಸೆಂಟ್ ಟೇಲ್ ಎಂಬ ನಿಂಫ್ ಕಟ್ಟಿದರು. ಅದು ಇಂದು ಹೆಚ್ಚುಕಡಿಮೆ ಎಲ್ಲರ ಪೆಟ್ಟಿಗೆಯಲ್ಲೂ ಇದೆ. ನಿಮ್ಮ ವಾದಕ್ಕೆ ವಿಷಯ: ಲೈನಿಗೆ ತೇಲುಗುಂಡು ಕಟ್ಟಿಕೊಂಡರೆ ಅದು ಫ್ಲೈ ಫಿಶಿಂಗ್ ಹೌದೋ ಅಲ್ಲವೋ? ಚೀಟಿ ಎತ್ತಿ ಪಕ್ಷ ಹಂಚಿ, ನಂಬದ ಪಕ್ಷವೇ ಬಂದರೂ ವಾದಿಸಬೇಕೆಂದು ಕಟ್ಟುಮಾಡಿ. ಮೀನು ಹಿಡಿಯದ ಅತಿಥಿ ನ್ಯಾಯಾಧೀಶರಾಗಲಿ.

ಭಾನುವಾರ: ಹಂಚಿಕೆ, ಶುಚಿ

ಬೆಳಗ್ಗೆ ಬಾಕಿ ಕೆಲಸ ಮುಗಿಸಿ. ಐದು ಜನರಿದ್ದರೆ ಒಬ್ಬೊಬ್ಬರೂ ಐದು ಫ್ಲೈ ಕಟ್ಟಿ, ಪ್ರತಿಯೊಂದಕ್ಕೂ ಕಟ್ಟಿದವರ ಹೆಸರಿನ ಚೀಟಿ ಸಿಕ್ಕಿಸಿ, ಹಂಚಿಕೊಳ್ಳಲಿ. ಎಲ್ಲರ ಪೆಟ್ಟಿಗೆಯಲ್ಲೂ ಎಲ್ಲರ ಕೈಕೆಲಸ ಇರುತ್ತದೆ. ಹೊಸಬರ ಸೊಟ್ಟ ಫ್ಲೈಯನ್ನು ಯಾರೂ ಬಿಚ್ಚಿ ಮತ್ತೆ ಕಟ್ಟುವಂತಿಲ್ಲ.

ಹೊತ್ತು ಉಳಿದರೆ ಶನಿವಾರ ನೋಡಿದ ದಡದಲ್ಲೇ ಕಸ ಆಯಿರಿ. ತುಂಡಾದ ನೈಲಾನ್ ದಾರ ಸಿಕ್ಕಿದರೆ ಬಿಡಬೇಡಿ, ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಮನೆಗೆ ತಂದು ಚಿಕ್ಕದಾಗಿ ಕತ್ತರಿಸಿ ಕಸದ ಬುಟ್ಟಿಗೆ ಹಾಕಿ. ವಸ್ತುಸಂಗ್ರಹಾಲಯ ಹತ್ತಿರವಿರುವಷ್ಟು ಅದೃಷ್ಟ ಕೆಲವರಿಗೆ ಮಾತ್ರ: ಅಮೆರಿಕದ ವರ್ಮಾಂಟ್ ರಾಜ್ಯದ ಮ್ಯಾಂಚೆಸ್ಟರ್‌ನಲ್ಲಿ 1968ರಿಂದ ಇರುವ ಫ್ಲೈ ಫಿಶಿಂಗ್ ವಸ್ತುಸಂಗ್ರಹಾಲಯದಂಥ ಕಡೆ ಹಳೆಯ ಬಿದಿರಿನ ರಾಡುಗಳನ್ನು ನೋಡುತ್ತಾ ಅರ್ಧ ದಿನ ಕಳೆಯಬಹುದು. ಉಳಿದವರು ತಮ್ಮ ಅಟ್ಟದ ಮೇಲಿನ ಹಳೆಯ ರೀಲುಗಳನ್ನು ತಂದರೂ ನಡೆಯುತ್ತದೆ.

ಹೊರಡುವ ಮೊದಲು ಮುಂದಿನ ಬಾರಿಯ ದಿನಾಂಕ ಗೊತ್ತುಮಾಡಿ, ಯಾರ ಮನೆ ಎಂಬುದನ್ನೂ ಬರೆದಿಡಿ. ಮೊಬೈಲ್ ಸಂದೇಶಗಳಿಗೆ ಬಿಟ್ಟರೆ ಅದು ಕೂಡಿಬರುವುದಿಲ್ಲ. ನಂತರ ಫ್ಲೈ ಕಟ್ಟಿದ ಮೇಜಿನ ಕೆಳಗೆ, ಕುರ್ಚಿಗಳ ಸುತ್ತ, ಚಾಪೆಯ ಮೇಲೆ ಒಂದು ಆಯಸ್ಕಾಂತವನ್ನು ಎರಡು ಬಾರಿ ಎಳೆದಾಡಿಸಿ. ಬಿದ್ದ ಕೊಕ್ಕೆಗಳನ್ನು ಮಕ್ಕಳು ಮತ್ತು ನಾಯಿಯ ಪಾದಕ್ಕಿಂತ ಮೊದಲು ಅದೇ ಹುಡುಕಿಬಿಡಲಿ.